ಮೂರರಲ್ಲಿ ನಿಲ್ಲದ ಮುಳ್ಳು

ಗಂಡಸಾಗಿ ಹುಟ್ಟಿದವನಿಗೆ ಯಂತ್ರಗಳ ವಿಷಯ ತಾನಾಗಿಯೇ ಗೊತ್ತಿರುತ್ತದೆ ಎಂದು ಲೋಕ ಯಾಕೆ ನಂಬಿಕೊಂಡಿದೆಯೋ ನನಗೆ ತಿಳಿಯದು. ಬಸ್ಸು ಕೆಟ್ಟು ನಿಂತರೆ ಹೆಂಗಸರು ಮಕ್ಕಳು ನೆರಳು ಹುಡುಕಿಕೊಂಡು ಕೂರುತ್ತಾರೆ. ಗಂಡಸರು ಮಾತ್ರ ಇಳಿದು ಹೋಗಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಎಂಜಿನ್ನಿನ ಸುತ್ತ ಗಂಭೀರವಾಗಿ ನಿಲ್ಲುತ್ತಾರೆ. ನಾನೂ ಎಷ್ಟೋ ಸಲ ಹಾಗೆ ನಿಂತಿದ್ದೇನೆ. ನಿಂತು, "ಬೆಲ್ಟ್ ಇರಬೇಕು" ಎಂದೂ ಹೇಳಿದ್ದೇನೆ. ಯಾವ ಬೆಲ್ಟು, ಅದು ಎಲ್ಲಿರುತ್ತದೆ, ಇದ್ದು ಏನು ಮಾಡುತ್ತದೆ ಎಂದು ಪುಣ್ಯಕ್ಕೆ ಇದುವರೆಗೆ ಯಾರೂ ಮರುಪ್ರಶ್ನೆ ಹಾಕಿಲ್ಲ. ಬೇಲೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿರುವ ನನಗೆ ಕಾರು ಓಡಿಸಲು ಬರುವುದಿಲ್ಲ. ನಮ್ಮ ಮನೆಯಲ್ಲಿ ಕಾರು ಇಲ್ಲವೆಂದಲ್ಲ. ಇದೆ, ಓಡಿಸುವವಳು ನನ್ನ ಹೆಂಡತಿ ಸುಮಿತ್ರ. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಮದುವೆಗೆ ಮುಂಚೆಯೇ ತನ್ನ ಸಂಬಳದಲ್ಲಿ ಒಂದು ಸಣ್ಣ ಬಿಳಿ ಕಾರು ತೆಗೆದುಕೊಂಡಿದ್ದಳು. ಹೀಗಾಗಿ ನಮ್ಮ ಸಂಸಾರದಲ್ಲಿ ಕಾರು ನನಗಿಂತ ಹಿರಿಯ ಸದಸ್ಯ.

ಈ ಕಾರು ಒಂದು ವರ್ಷಕ್ಕೂ ಹೆಚ್ಚು ಕಾಲ ಟಾರ್ಪಾಲಿನ ಕೆಳಗೆ ಅಲುಗಾಡದೆ ನಿಂತಿತ್ತು. ಸುಮಿತ್ರಳ ಎದೆಯಲ್ಲಿ ಒಂದು ಗಂಟು ಕಾಣಿಸಿಕೊಂಡು, ಆಪರೇಷನ್ ಆಗಿ, ಅದರ ಹಿಂದೆಯೇ ತಿಂಗಳುಗಟ್ಟಲೆ ಕೀಮೋ ಆಗಿ, ಕೊನೆಗೆ ಡಾಕ್ಟರು ನಗುತ್ತಾ, "ಎಲ್ಲಾ ಚೆನ್ನಾಗಿದೆಯಮ್ಮ, ಇನ್ನು ಸ್ಕೂಲಿಗೆ ಹೋಗಿ" ಎಂದಿದ್ದರು. ಅವಳು ಹೋಗಲಿಲ್ಲ. ರಜೆಯನ್ನು ಮುಂದುವರಿಸಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಅಳುತ್ತಿರಲಿಲ್ಲ, ರೇಗುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದಳು, ಅಷ್ಟೇ. ತಾನಾಗಿ ಏನನ್ನೂ ಕೇಳುತ್ತಿರಲಿಲ್ಲ. ಅವಳ ಮನಸ್ಸು ಹಗುರಮಾಡಲು ನಾನು ಪಟ್ಟ ಪಾಡನ್ನು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಗುಲಾಬಿ ಕುಂಡಗಳನ್ನು ತಂದೆ; ನೀರು ಹೆಚ್ಚಾಗಿ ಕೊಳೆತುಹೋದವು. ಕೇರಂ ಬೋರ್ಡು ತಂದೆ. ಅವಳು ಬೇಡವೆಂದಾಗ ಎರಡೂ ಕಡೆಯಿಂದ ನಾನೇ ಆಡಿ, ಅದರಲ್ಲೂ ಸೋತೆ. ಟೀವಿಯಲ್ಲಿ ಹಾಸ್ಯದ ಕಾರ್ಯಕ್ರಮ ಹಾಕಿ ನಾನೊಬ್ಬನೇ ಜೋರಾಗಿ ನಗುತ್ತಿದ್ದೆ. ಅವಳು ಒಂದು ದಿನ ಮೆಲ್ಲಗೆ, "ನಿಮಗೆ ಹುಷಾರಿಲ್ವೇನ್ರೀ?" ಎಂದಳು.

ಹೀಗಿರುವಾಗ ಒಂದು ಭಾನುವಾರ ಕಣಕಟ್ಟೆಯಿಂದ ನನ್ನ ಷಡ್ಡಕ ಚಂದ್ರಣ್ಣ ಬಂದರು. ಸುಮಿತ್ರಳ ಅಕ್ಕನ ಗಂಡ. ತೆಂಗಿನ ತೋಟ ಅವರ ಜೀವನ, ಎಂಜಿನ್ನು ಅವರ ಚಟ. ಬೇರೆಯವರು ಅಟ್ಟದಲ್ಲಿ ಕೊಬ್ಬರಿ ಒಣಗಿಸಿದರೆ, ಅವರ ಅಟ್ಟದ ಕೆಳಗೆ ಒಂದಲ್ಲ ಒಂದು ಕಾರು ಹೊಟ್ಟೆ ಬಗೆಸಿಕೊಂಡು ನಿಂತಿರುತ್ತದೆ. ಚಿಕ್ಕ ಕಾರಿಗೆ ದೊಡ್ಡ ಎಂಜಿನ್ನು ಕೂರಿಸುವುದು, ಹಳೆಯ ಕಾರ್ಬ್ಯುರೇಟರ್ ಕಿತ್ತು ಹೊಸ ಕಾಲದ ಇಂಜೆಕ್ಟರ್ ಹಾಕುವುದು, ಆಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅದಕ್ಕೆ ಬುದ್ಧಿ ಹೇಳುವುದು, ಇದು ಅವರ ಕೆಲಸ. ಬಂದವರೇ ಕಾಫಿಗೂ ಮುಂಚೆ ಟಾರ್ಪಾಲು ಎತ್ತಿದರು. ಒಳಗಿನಿಂದ ಒಂದು ಇಲಿ ಸಂಸಾರ ಗಾಬರಿಯಾಗಿ ಹೊರಬಿತ್ತು.

"ಇದ್ರ ಎಂಜಿನ್ ಕಥೆ ಮುಗ್ದೈತೆ ಕಣಮ್ಮ ಸುಮಿ. ನನ್ತಾವ ಒಂದು ದೊಡ್ಡದು ಐತೆ, ಇಂಜೆಕ್ಷನ್ನಿಂದು. ಹಾಕ್ಲಾ?"

"ಹಾಕಿ ಭಾವ," ಎಂದಳು ಸುಮಿತ್ರ, ಇನ್ನೊಂದು ಲೋಟ ಕಾಫಿ ಬೇಕಾ ಎಂದರೆ ಹೇಳುವ ಹಾಗೆ.

ಕಾರನ್ನು ಎಳೆದುಕೊಂಡು ಹೋದರು. ಎಂಜಿನ್ ಬದಲಾಯಿಸುವುದಕ್ಕೆ ಬೇಕಾದ ಒಪ್ಪಿಗೆಗಾಗಿ ಸಾರಿಗೆ ಕಚೇರಿಗೆ ಅಲೆದವನು ನಾನು. ಇಡೀ ಯೋಜನೆಯಲ್ಲಿ ನನ್ನ ಯೋಗ್ಯತೆಗೆ ತಕ್ಕ ಕೆಲಸ ಅದೊಂದೇ ಇತ್ತು. ಮಳೆಗಾಲ ಕಳೆದ ಮೇಲೆ ಚಂದ್ರಣ್ಣ ಆ ಕಾರನ್ನು ತಾವೇ ಓಡಿಸಿಕೊಂಡು ಬಂದು ನಮ್ಮ ಮನೆಯ ಮುಂದೆ ನಿಲ್ಲಿಸಿದರು. ಶಬ್ದ ಕೇಳಿ ಎದುರುಮನೆಯವರು ನೀರಿನ ಟ್ಯಾಂಕರ್ ಬಂತೆಂದು ಕೊಡ ಹಿಡಿದು ಹೊರಗೆ ಬಂದರು.

"ಇನ್ನೂ ಹದ ಬಂದಿಲ್ಲ," ಎಂದರು ಚಂದ್ರಣ್ಣ ಕುರ್ಚಿಯಲ್ಲಿ ಕೂರುತ್ತಾ. "ಪೆಟ್ರೋಲು ಗಾಳಿ ಲೆಕ್ಕ ಕೂರ್ಬೇಕು. ಒಂದು ಪಾಲು ಪೆಟ್ರೋಲಿಗೆ ಹದಿನಾಲ್ಕೂ ಮುಕ್ಕಾಲು ಪಾಲು ಗಾಳಿ. ಏರು ಹತ್ತೋವಾಗ ಗಾಳಿ ಹನ್ನೆರಡು ಹದಿಮೂರಕ್ಕೆ ಇಳೀಬೇಕು, ಅಂದ್ರೆ ಪೆಟ್ರೋಲು ಜಾಸ್ತಿ. ಅದೇ ಏರಲ್ಲಿ ಪೆಟ್ರೋಲು ಕಮ್ಮಿಯಾಯ್ತೋ, ಒಳಗೆ ಬೆಂಕಿ ಕಾವು ಏರಿ ಪಿಸ್ಟನ್ನೇ ಕರಗೋಯ್ತದೆ."

ನಾನು ಸೊಂಟದ ಮೇಲೆ ಕೈಯಿಟ್ಟು ತಲೆಯಾಡಿಸಿದೆ. ಕಿಟಕಿಯ ಕಡೆಯಿಂದ ಒಂದು ಮಾತು ಬಂತು: "ಆ ಪಾಲು ತೂಕದಲ್ಲೋ ಭಾವ, ಅಳತೆಯಲ್ಲೋ?"

ನಾನು ತಿರುಗಿ ನೋಡಿದೆ. ಎಷ್ಟು ತಿಂಗಳಾಗಿತ್ತೋ, ಸುಮಿತ್ರ ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಚಂದ್ರಣ್ಣ ಅದರಲ್ಲಿ ವಿಶೇಷವೇನೂ ಇಲ್ಲವೆಂಬಂತೆ, "ತೂಕದಲ್ಲಿ ಕಣಮ್ಮ," ಎಂದರು. ಅವಳು, "ಹಾಗಿದ್ರೆ ಸರಿ," ಎಂದು ಕುರ್ಚಿಯನ್ನು ಇತ್ತ ತಿರುಗಿಸಿಕೊಂಡಳು. ನಾನು ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬ ಹುಡುಕುವ ನೆಪದಲ್ಲಿ ಸ್ವಲ್ಪ ಹೊತ್ತು ಗೋಡೆ ನೋಡುತ್ತಾ ನಿಂತಿದ್ದೆ.

ಹದ ನೋಡಬೇಕಾದರೆ ರಸ್ತೆಯಲ್ಲಿ ಓಡಿಸಬೇಕು. ಚಂದ್ರಣ್ಣನ ಮಡಿಲಲ್ಲಿ ಲ್ಯಾಪ್‌ಟಾಪ್ ಇರಬೇಕು. ಆದ್ದರಿಂದ ಸ್ಟಿಯರಿಂಗ್ ಹಿಡಿಯುವವರು ಬೇರೆ ಬೇಕು. "ಮಂಜುನಾಥಂಗೆ ಬರಲ್ಲ, ಇನ್ಯಾರು?" ಎಂದು ನನ್ನ ಕಡೆ ಕೈ ತೋರಿಸಿ ಅವರು ಸುಮಿತ್ರಳ ಮುಖ ನೋಡಿದರು. ನನ್ನ ಅಜ್ಞಾನದಿಂದ ಯಾರಿಗಾದರೂ ಉಪಕಾರವಾದದ್ದಿದ್ದರೆ ಅವತ್ತೇ. ಅವಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಚಪ್ಪಲಿ ಬಿಟ್ಟು ಶೂ ಹಾಕಿಕೊಂಡು ಬಂದಳು.

ಹೊರಡುವ ಮುಂಚೆ ಚಂದ್ರಣ್ಣ ಬಾನೆಟ್ ತೆಗೆದು ಪೆಟ್ರೋಲಿನ ಒತ್ತಡ ಸರಿಮಾಡಿದರು. ಅದಕ್ಕೊಂದು ಪುಟ್ಟ ರೆಗ್ಯುಲೇಟರು, ಅದರ ತಲೆಯ ಮೇಲೊಂದು ಸ್ಕ್ರೂ. ಅದಕ್ಕೆ ಎಂಜಿನ್ನಿನಿಂದ ಬರುವ ಸಣ್ಣ ಗಾಳಿ ನಳಿಕೆಯನ್ನು ಕಿತ್ತು, ಬಾಯಿಗೆ ಬಿರಟೆ ಹಾಕಿ, ಸ್ಕ್ರೂ ತಿರುಗಿಸಿ ಒತ್ತಡ ತೋರಿಸುವ ಗೇಜಿನ ಮುಳ್ಳನ್ನು ಮೂರಕ್ಕೆ ನಿಲ್ಲಿಸಿದರು. ನಳಿಕೆ ಮತ್ತೆ ಸಿಕ್ಕಿಸಿದಾಗ ಮುಳ್ಳು ಸ್ವಲ್ಪ ಕೆಳಗೆ ಇಳಿಯಿತು. "ನಿಂತಾಗ ಹಿಂಗೆ ಇಳೀಬೇಕು. ಏರಲ್ಲಿ ಪೂರ್ತಿ ಮೂರಕ್ಕೆ ಬಂದು ಅಲ್ಲೇ ನಿಲ್ಬೇಕು," ಎಂದರು. ಪೆಟ್ರೋಲು ತುಂಬಿದ ಆ ಗೇಜು ಕಾರಿನೊಳಗೆ ಇರುವುದು ಅಪಾಯವೆಂದು ಅದನ್ನು ಮುಂದಿನ ಗಾಜಿನ ಹೊರಗೆ ಟೇಪು ಸುತ್ತಿ ಅಂಟಿಸಿದರು. ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಎರಡು ಸೀಟುಗಳ ನಡುವೆ ಕತ್ತು ತೂರಿಸಿ ಆ ಮುಳ್ಳು ನೋಡುತ್ತಾ ಕೂಗುವ ಕೆಲಸ ಒಪ್ಪಿಸಿದರು.

ಬೇಲೂರು ದಾಟುತ್ತಿದ್ದಂತೆ ನಾನು, "ನಲವತ್ತು!" ಎಂದು ಕೂಗಿದೆ. ಚಂದ್ರಣ್ಣನ ಕೈಯಿಂದ ಲ್ಯಾಪ್‌ಟಾಪ್ ಜಾರಿತು. ಆಮೇಲೆ ತಿಳಿಯಿತು, ಗೇಜಿನ ಮೇಲೆ ಎರಡು ಸಾಲು ಅಂಕಿಗಳಿರುತ್ತವೆ, ನಾನು ಓದಬೇಕಾದದ್ದು ಒಳಗಿನ ಸಾಲು ಎಂದು. ಕನ್ನಡಿಯಲ್ಲಿ ಸುಮಿತ್ರಳ ತುಟಿಯ ತುದಿ ಅಲುಗಿದ್ದು ಕಂಡಿತು. ಮಾದಿಹಳ್ಳಿ ಕಳೆದ ಮೇಲೂ ಎಲ್ಲವೂ ಸರಿಯಾಗಿತ್ತು. ಗದ್ದೆಗಳ ನಡುವಿನ ಸಮತಟ್ಟು ರಸ್ತೆಯಲ್ಲಿ ಮುಳ್ಳು ಸಾಧುವಾಗಿತ್ತು. ಹಳೇಬೀಡು ದಾಟಿ ಪುಷ್ಪಗಿರಿಯ ಕಡೆ ಏರು ಶುರುವಾಯಿತು. "ಈಗ ತುಳಿ," ಎಂದರು ಚಂದ್ರಣ್ಣ. ಅವಳು ತುಳಿದಳು.

"ಮೂರು," ಎಂದೆ. "ಮೂರು... ಎರಡು ಮುಕ್ಕಾಲು... ಎರಡೂವರೆ... ಎರಡೂಕಾಲು..."

"ಹರಾಜು ಕೂಗ್ತಿದ್ದೀರೇನ್ರೀ? ಅದೂ ಕೆಳಗಡೆಗೆ!" ಎಂದಳು ಸುಮಿತ್ರ.

"ಕಾಲು ತೆಗಿ ಸುಮಿ, ಕಾಲು ತೆಗಿ! ಗಾಳಿ ಹದಿನೈದು ದಾಟೋಯ್ತು!" ಎಂದು ಚಂದ್ರಣ್ಣ ಕಿರುಚಿದರು.

ರಸ್ತೆ ಪಕ್ಕದ ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿದೆವು. ಚಂದ್ರಣ್ಣನ ಮುಖ ಸಪ್ಪಗಾಗಿತ್ತು. ಕಣಕಟ್ಟೆಯ ದಾರಿಗಳಲ್ಲಿ ಓಡಿಸಿ ನೋಡಿದಾಗಲೂ ಏರಿನಲ್ಲಿ ಹೀಗೇ ಆಗುತ್ತಿತ್ತಂತೆ. ಆಗೆಲ್ಲ ಅವರು ಲ್ಯಾಪ್‌ಟಾಪಿನಲ್ಲಿ ಪೆಟ್ರೋಲಿನ ಲೆಕ್ಕ ಏರಿಸುತ್ತಾ ಬಂದಿದ್ದರು.

"ಅಲ್ಲ ಭಾವ, ಒತ್ತಡವೇ ಒಂದು ಕಡೆ ನಿಲ್ಲದಿದ್ರೆ ನಿಮ್ಮ ಲೆಕ್ಕಕ್ಕೆ ಏನರ್ಥ? ಅಳೆಯೋ ಸ್ಕೇಲೇ ಉದ್ದ ಗಿಡ್ಡ ಆಗ್ತಿದ್ರೆ ಏನು ಅಳೀತೀರಿ?" ಎಂದಳು ಸುಮಿತ್ರ. ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳಿಸುವಂಥ ಅವಳ ಹಳೆಯ ದನಿ.

ಚಂದ್ರಣ್ಣ ಎಂಜಿನ್ ನಿಲ್ಲಿಸಿ, ಕಾರಿನ ಹಿಂಬದಿಗೆ ಹೋಗಿ, ಬಗ್ಗಿ ಟ್ಯಾಂಕು, ಪಂಪು, ಪೈಪು ಎಲ್ಲ ನೋಡಿ ಬಂದರು. "ಎಲ್ಲಾ ಸರಿಯಾಗೇ ಐತೆ. ಪಂಪೇ ಸಾಲ್ದೇನೋ. ಬೇರೆ ಹಾಕ್ಬೇಕು."

"ನಿಲ್ಲಿಸಿ ನೋಡಿದ್ರೆ ಏನು ಗೊತ್ತಾಗುತ್ತೆ? ಎಂಜಿನ್ ಓಡ್ತಿರಲಿ, ಆಗ ನೋಡೋಣ," ಎಂದಳು ಅವಳು. "ಆಸ್ಪತ್ರೇಲಿ ನನ್ನ ಡ್ರಿಪ್ ನಿಂತುಹೋದಾಗ ಸಿಸ್ಟರ್ ಬಾಟ್ಲಿ ಕಡೆ ನೋಡ್ತಾನೇ ಇರಲಿಲ್ಲ. ಮೊದಲು ಪೈಪಿನ ಮೇಲೆ ಕೈಯಾಡಿಸೋಳು. ಎಲ್ಲೋ ಮಡಿಸಿಕೊಂಡಿರೋದು."

ಚಂದ್ರಣ್ಣನೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ಮನೆಗೆ ಬಂದ ಮೇಲೆ ಆಸ್ಪತ್ರೆ ಎಂಬ ಶಬ್ದವನ್ನು ಅವಳು ಒಂದು ಸಲವೂ ಬಾಯಿಗೆ ತಂದಿರಲಿಲ್ಲ. ನಾವೂ ಆ ಮಾತು ಬಂದ ಕಡೆಯೆಲ್ಲ ಹವಾಮಾನದ ಬಗ್ಗೆ ಮಾತಾಡಿ ದಾಟಿಕೊಳ್ಳುತ್ತಿದ್ದೆವು. ಅವಳು ನಮ್ಮ ಮುಖಗಳ ಗೊಡವೆಗೇ ಹೋಗದೆ, ಚಕ್ರಗಳಿಗೆ ಕಲ್ಲು ಕೊಡಿಸಿ, ಎಂಜಿನ್ ಶುರುಮಾಡಿಸಿ, ಹಿಂದಿನ ಸೀಟಿನ ಬೆಡ್‌ಶೀಟು ನೆಲಕ್ಕೆ ಹಾಸಿ, ಕಾರಿನ ಹಿಂಭಾಗದ ಕೆಳಗೆ ತಲೆ ತೂರಿಸಿ ಮಲಗಿದಳು.

ಅದೇ ಹೊತ್ತಿಗೆ ಎರಡು ಹಸು ಹೊಡೆದುಕೊಂಡು ಒಬ್ಬ ಹಿರಿಯರು ಬಂದರು. ಕಾರು ನೋಡಿದರು, ಕಾರಿನಡಿಯಿಂದ ಚಾಚಿಕೊಂಡಿದ್ದ ಸೀರೆಯ ಅಂಚು, ಶೂ ನೋಡಿದರು, ಆಮೇಲೆ ಪಕ್ಕದಲ್ಲಿ ಮರದ ಹಾಗೆ ನಿಂತಿದ್ದ ನಮ್ಮಿಬ್ಬರನ್ನು ನೋಡಿದರು.

"ಏನ್ಲಾ ಇದು? ಹೆಣ್ಮಗಳ್ನ ಕೆಳೀಕೆ ಮಲಗಿಸ್ಬುಟ್ಟು ಗಂಡಸ್ರಿಬ್ರೂ ಗಾಳಿ ಕುಡೀತಾ ನಿಂತವ್ರೆ!"

"ಅದ್ರಲ್ಲಿ ಒಬ್ರು ನಮ್ಮನೆಯವ್ರು ಕಣಜ್ಜ," ಎಂದಳು ಸುಮಿತ್ರ ಕೆಳಗಿನಿಂದಲೇ. "ಅವರು ಮೇಲೇ ಇರ್ಲಿ ಬಿಡಿ. ಕೆಳಗೆ ಬಂದ್ರೆ ನನ್ಗೆ ಇನ್ನೂ ಕೆಲ್ಸ ಜಾಸ್ತಿ."

ಅಜ್ಜ ನಕ್ಕುಬಿಟ್ಟರು. ಆಮೇಲೆ ಕಾರಿನಡಿಯಿಂದಲೂ ನಗು ಬಂತು. ತಗಡು, ಟ್ಯಾಂಕುಗಳ ನಡುವೆ ಮೊಳಗಿ ಬಂದ ಆ ನಗುವನ್ನು ಕೇಳಿಸಿಕೊಳ್ಳುತ್ತಾ, ಅಜ್ಜ ಇನ್ನೊಂದಿಷ್ಟು ಬೈದರೂ ಬೈಯಲಿ ಎನ್ನಿಸಿತು ನನಗೆ. ಅಷ್ಟರಲ್ಲಿ ಅವಳೇ ಕೂಗಿದಳು: "ಸಿಕ್ತು ಭಾವ! ಬಂದು ನೋಡಿ, ಚಪ್ಪಟೆ!"

ಟ್ಯಾಂಕಿನಿಂದ ಪಂಪಿಗೆ ಹೋಗುವ ರಬ್ಬರಿನ ಪೈಪು ಮೆತ್ತನೆಯದು. ಪಂಪು ಜೋರಾಗಿ ಹೀರಿದಾಗ ಅದರ ಎರಡೂ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ನಿಂತಲ್ಲಿ ಎಂಜಿನ್ನಿಗೆ ಬೇಕಾದದ್ದು ಸ್ವಲ್ಪ, ಅಷ್ಟು ನುಸುಳಿ ಬರುತ್ತಿತ್ತು. ಏರಿನಲ್ಲಿ ಎಂಜಿನ್ನಿನ ಬಾಯಿ ದೊಡ್ಡದಾದಾಗ ಅದು ಸಾಲುತ್ತಿರಲಿಲ್ಲ. ಎಂಜಿನ್ ನಿಲ್ಲಿಸಿದೊಡನೆ ಪೈಪು ಏನೂ ಆಗದವರ ಹಾಗೆ ಮತ್ತೆ ದುಂಡಗಾಗುತ್ತಿತ್ತು. ಚಂದ್ರಣ್ಣ ನೋಡಿದಾಗಲೆಲ್ಲ ಕಂಡದ್ದು ಆ ದುಂಡಗಿನ ಮುಖ.

ಮೆಲ್ಲಗೆ ಬೇಲೂರಿಗೆ ವಾಪಸಾದೆವು. ಮುಂದಿನ ಭಾನುವಾರ ಚಂದ್ರಣ್ಣ ಹೀರಿದರೆ ಬಗ್ಗದಂಥ ಗಟ್ಟಿ ಪೆಟ್ರೋಲ್ ಪೈಪು ತಂದು ಹಾಕಿದರು. ಹಿಂದೆ ಏರಿಸಿದ್ದ ಲೆಕ್ಕವನ್ನೆಲ್ಲ ಅಳಿಸಿ ಮೊದಲಿನಿಂದ ಶುರುಮಾಡಿದರು. ಮತ್ತೆ ಅದೇ ರಸ್ತೆ, ಅದೇ ಏರು. "ತುಳಿ," ಎಂದರು. ನಾನು, "ಮೂರು," ಎಂದೆ. ಮತ್ತೆ ಮೂರು. ಮತ್ತೂ ಮೂರು. ಕೂಗುವುದಕ್ಕೆ ಬೇರೇನೂ ಇಲ್ಲದೆ ನನ್ನ ಕೆಲಸವೇ ಹೋಯಿತು. ಚಂದ್ರಣ್ಣ, "ಹನ್ನೆರಡೂವರೆ, ಅಲ್ಲಾಡ್ತಿಲ್ಲ ಕಣಮ್ಮ," ಎಂದು ಲ್ಯಾಪ್‌ಟಾಪನ್ನೇ ತಟ್ಟಿದರು. ಆ ಪುಟ್ಟ ಕಾರು ಏರನ್ನು ಇಳಿಜಾರಿನ ಹಾಗೆ ಹತ್ತಿತು. ನಾನು ಹಿಂದಿನ ಸೀಟಿಗೆ ಅಂಟಿಕೊಂಡು ಗೊತ್ತಿದ್ದ ದೇವರನ್ನೆಲ್ಲ ನೆನೆದೆ. ಸುಮಿತ್ರ, ಮೂವತ್ತು ಮಕ್ಕಳನ್ನು ಒಂದು ನೋಟದಲ್ಲಿ ಕೂರಿಸುವ ನನ್ನ ಸುಮಿತ್ರ, "ಹೋ!" ಎಂದು ಕೂಗಿದಳು.

ಅವಳು ಅಲ್ಲಿಂದ ತಿರುಗಿಸಲಿಲ್ಲ. "ಭಾವ, ಅಕ್ಕನ್ನ ನೋಡಿ ತುಂಬಾ ದಿನ ಆಯ್ತು," ಎಂದು ಅರಸೀಕೆರೆಯ ದಾರಿ ಹಿಡಿದು ಸೀದಾ ಕಣಕಟ್ಟೆಗೆ ಹೋದಳು. ಬಾಗಿಲಲ್ಲಿ ಅಕ್ಕ ತಂಗಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು. ನಾವು ಗಂಡಸರು ಆ ಹೊತ್ತಿನಲ್ಲಿ ಬಾನೆಟ್ ತೆಗೆದು ಒಳಗೆ ನೋಡುವ ಅಗತ್ಯ ಕಂಡುಕೊಂಡೆವು. ಅಕ್ಕ ಮುದ್ದೆ, ಹುರುಳಿ ಸಾರು ಬಡಿಸಿದರು. ಸುಮಿತ್ರ ಎರಡನೆಯ ಮುದ್ದೆಗೆ ಕೈಯೊಡ್ಡಿದಳು. ಊಟವಾದ ಮೇಲೆ ತೋಟದಲ್ಲಿ ಚಂದ್ರಣ್ಣನ ಕೈ ಹಿಡಿದುಕೊಂಡು, "ಚಂದ್ರಣ್ಣ, ನೀವು ಮಾಡಿದ್ದಕ್ಕೆ ನಾನು ಹೇಗೆ..." ಎಂದು ಶುರುಮಾಡಿದೆ.

"ಏನ್ ಮಾಡ್ದೆ ನಾನು? ಹಾಳು ಮಾಡಕ್ಕೆ ನನ್ಗೊಂದು ಕಾರು ಬೇಕಿತ್ತು, ನಿಮ್ದು ಖಾಲಿ ನಿಂತಿತ್ತು," ಎಂದರು ಅವರು, ಕೈ ಬಿಡಿಸಿಕೊಳ್ಳದೆಯೇ. ಸ್ವಲ್ಪ ದೂರ ನಡೆದ ಮೇಲೆ, ಎತ್ತಲೋ ನೋಡುತ್ತಾ, "ಪೈಪು ಅವ್ಳೇ ಕಂಡಿಡಿದ್ದು ಒಳ್ಳೇದಾಯ್ತು ಬಿಡಪ್ಪ," ಎಂದರು. ಇಷ್ಟು ವರ್ಷ ಇವರನ್ನು ಬರೀ ಎಂಜಿನ್ ಹುಚ್ಚಿನವರು ಎಂದುಕೊಂಡಿದ್ದೆನಲ್ಲ ಎಂದು ನಾಚಿಕೊಂಡು ನಾನು ಅವರ ಜೊತೆ ನಡೆದೆ.

ಸುಮಿತ್ರ ಆ ತಿಂಗಳೇ ಶಾಲೆಗೆ ಹಾಜರಾದಳು. ಸಂಜೆ ದಾರಿಯಲ್ಲಿ ನನ್ನನ್ನೂ ಕಚೇರಿಯಿಂದ ಹತ್ತಿಸಿಕೊಳ್ಳುತ್ತಾಳೆ. ಆ ಸಂತೋಷದಲ್ಲಿ ನನಗೆ ಒಂದು ಹೊಸ ತೊಂದರೆ ಅಂಟಿಕೊಂಡಿತು. ಜ್ಞಾನ ಬಂದುಬಿಟ್ಟಿತು. ಕಚೇರಿಯಲ್ಲಿ ಕಾಫಿ ಹೊತ್ತಿಗೆ ಒತ್ತಡ, ಹದ, ಹದಿನಾಲ್ಕೂ ಮುಕ್ಕಾಲು ಎಂದು ಶುರುಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಹೀಗಿರಲು ಒಂದು ಸಂಜೆ ನಮ್ಮ ಸಹೋದ್ಯೋಗಿ ಪುಟ್ಟಸ್ವಾಮಿಯವರ ಸ್ಕೂಟರು ಸ್ಟಾರ್ಟ್ ಆಗಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಇಂಥ ದಿನ ನನ್ನ ಬಾಳಿನಲ್ಲಿ ಬಂದಿರಲಿಲ್ಲ. ನಾನು ಬಗ್ಗಿ ಪೈಪಿನ ಮೇಲೆ ಕೈಯಾಡಿಸಿದೆ, ಕಿವಿಯಿಟ್ಟೆ, ಗಾಳಿಯ ಪಾಲು ಹೆಚ್ಚಾಗಿದೆ ಎಂದೆ. ನಿಂತಾಗ ದುಂಡಗಿರುವುದು ಓಡುವಾಗ ಚಪ್ಪಟೆಯಾಗುವ ತತ್ತ್ವವನ್ನು ವಿವರಿಸಿದೆ. ನನ್ನ ಅಪ್ಪಣೆಯಂತೆ ಪುಟ್ಟಸ್ವಾಮಿ ಪಕ್ಕದ ತಗಡುಗಳನ್ನೆಲ್ಲ ಬಿಚ್ಚಿ ಹಾಕಿದರು. ಸ್ಕ್ರೂಗಳನ್ನು ಊಟದ ಡಬ್ಬಿಯ ಮುಚ್ಚಳದಲ್ಲಿ ಕೂಡಿಟ್ಟೆವು.

ಆಗ ಸುಮಿತ್ರ ಬಂದು ಕಾರು ನಿಲ್ಲಿಸಿ ಇಳಿದಳು. ಬಿಚ್ಚಿಟ್ಟ ಸ್ಕೂಟರನ್ನೂ ಸುತ್ತ ನಿಂತ ಗಂಡಸರನ್ನೂ ಒಮ್ಮೆ ನೋಡಿದಳು. ಸೀಟೆತ್ತಿ, ಟ್ಯಾಂಕಿನ ಮುಚ್ಚಳ ತಿರುಗಿಸಿ, ಒಳಗೆ ಇಣುಕಿ ಕೇಳಿದಳು: "ಪುಟ್ಟಸ್ವಾಮಿಯವರೇ, ಪೆಟ್ರೋಲ್ ಯಾವಾಗ ಹಾಕಿಸಿದ್ದು?"

ಪುಟ್ಟಸ್ವಾಮಿ ದೊಡ್ಡ ಮನುಷ್ಯ. ನನ್ನ ಜೊತೆ ಮಾತು ಬಿಟ್ಟಿಲ್ಲ. ಆದರೆ ಈಗ ಸ್ಕೂಟರನ್ನು ಕಚೇರಿಯ ಹಿಂಬದಿಯಲ್ಲಿ, ನನ್ನ ಕಣ್ಣಿಗೆ ಬೀಳದ ಕಡೆ ನಿಲ್ಲಿಸುತ್ತಾರೆ.