ಜ್ವರದ ರಜೆಯಲ್ಲಿ ಕಾರಿನ ಸ್ಟೀರಿಯೊ

ನಮ್ಮ ಮನೆಗೆ ಯಾವ ಸಾಮಾನು ಬಂದರೂ ಅದರ ಜೊತೆ ಒಂದು ಫಜೀತಿ ಉಚಿತ. ಈ ಸಲ ಕಾರಿನ ಸ್ಟೀರಿಯೊ. ಯಜಮಾನರು ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು ದಾರಿ ನೋಡುತ್ತಾ ಕಾರು ಓಡಿಸುವುದನ್ನು ಕಂಡರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ವೈರಿಲ್ಲದೆ ಮೊಬೈಲಿಗೆ ಜೋಡಿಯಾಗಿ ಮ್ಯಾಪು, ಫೋನು ಎಲ್ಲವನ್ನೂ ತನ್ನ ಪರದೆಯ ಮೇಲೇ ತೋರಿಸುವ ಸ್ಟೀರಿಯೊ ಬೇಕೆಂದು ನಾನೇ ಹಟ ಹಿಡಿದೆ. ಹೊಸ ವಸ್ತು ಸೋಮವಾರವೇ ಬರಬೇಕು, ಶಿವನ ವಾರ ಎಂದರು ಅತ್ತೆ. ಸೋಮವಾರ ಆಫೀಸು. ಯಜಮಾನರ ಬಡ್ತಿ ಬೇರೆ ಮೇಲಧಿಕಾರಿಯ ಒಂದು ಸಹಿಗಾಗಿ ಕಾದು ಕೂತಿತ್ತು. ಆದರೂ ಈ ಮಹಾನುಭಾವರು ಬೆಳಿಗ್ಗೆಯೇ ಅವರಿಗೆ ಫೋನ್ ಮಾಡಿ, ಚೆನ್ನಾಗಿ ನರಳಿ, ಜ್ವರವೆಂದು ರಜೆ ಹಾಕಿದರು.

೧. ಹೆಲ್ಮೆಟ್

ಚಾಮರಾಜಪುರಂನ ಅಂಗಡಿಗೆ ಹೋದೆವು. ಆಫೀಸಿನವರು ಯಾರಾದರೂ ಕಂಡರೆ ಬಡ್ತಿಗೆ ಎಳ್ಳುನೀರು ಬಿಟ್ಟಂತೆಯೇ ಎಂದು ಯಜಮಾನರು ಒಳಗೂ ಹೆಲ್ಮೆಟ್ ತೆಗೆಯಲಿಲ್ಲ. ಅಂಗಡಿಯವರು ಒಂದರ ಹಿಂದೊಂದು ಸೆಟ್ ಹಾಡಿಸಿ ತೋರಿಸಿದರು. ಇವರು ಪ್ರತಿಯೊಂದಕ್ಕೂ ಸೌಂಡು ಮಂಕಾಗಿದೆ ಎಂದು ತಲೆಯಾಡಿಸಿದರು. ಕೊನೆಗೆ ಅಂಗಡಿಯವರು ಮೆಲ್ಲಗೆ, "ಸಾರ್, ಹೆಲ್ಮೆಟ್ ತೆಗೆದು ಒಂದ್ಸಲ ಕೇಳಿ ನೋಡಿ" ಅಂದರು.

೨. ಅಳತೆ

ತಿಂಗಳುಗಟ್ಟಲೆ ವಿಡಿಯೊ ನೋಡಿ ಪಂಡಿತರಾಗಿದ್ದ ನಮ್ಮವರು ಪರದೆ, ಮೈಕು, ಮೆಮೊರಿ ಎಂದು ಅಂಗಡಿಯವರಿಗೇ ಪಾಠ ಮಾಡಿದರು. ಬಾಗಿಲ ಕಡೆ ಒಂದು ಕಣ್ಣಿಟ್ಟುಕೊಂಡೇ ಒಂದನ್ನು ಆರಿಸಿಯೂ ಆಯಿತು. ಡ್ಯಾಶ್‌ಬೋರ್ಡಿಗೆ ಕೂರುತ್ತದೆಯೇ ನೋಡಬೇಕು, ಕಾರೆಲ್ಲಿ ಎಂದು ಅಂಗಡಿಯವರು ಕೇಳಿದರು. ಕಾರು ರಾಮಕೃಷ್ಣನಗರದ ಮನೆ ಮುಂದೆ ನಿಂತಿತ್ತು. ಪಾರ್ಕಿಂಗ್ ಸಿಗುವುದಿಲ್ಲವೆಂದು ಪಂಡಿತರು ಕಾರಿನ ಸ್ಟೀರಿಯೊ ಕೊಳ್ಳಲು ಸ್ಕೂಟರಿನಲ್ಲಿ ಬಂದಿದ್ದರು.

೩. ವಿಭೂತಿ

ಯಜಮಾನರು ಮನೆಗೆ ಹೋಗಿ ಕಾರು ತಂದರು. ಹಿಂದಿನ ಸೀಟಿನಲ್ಲಿ ವಿಭೂತಿ, ಕುಂಕುಮದ ಸಮೇತ ಅತ್ತೆಯೂ ಬಂದರು. ಸ್ಟೀರಿಯೊ ಕೂರಿಸಿದ್ದಾಯಿತು. ಯಜಮಾನರ ಜೇಬಿನಲ್ಲಿದ್ದ ಫೋನು ತಾನಾಗಿ ಜೋಡಿಯಾಯಿತು. ಅಂಗಡಿಯವರು ಫೋನ್ ಮಾಡುವುದನ್ನು ತೋರಿಸಲು ಕರೆಗಳ ಪಟ್ಟಿ ತೆರೆದಿಟ್ಟು, ಇದು ಮಾತಾಡಿದರೆ ಉತ್ತರವನ್ನೂ ಕೊಡುತ್ತದೆ ಎಂದು ಅತ್ತೆಗೆ ವಿವರಿಸಿದರು.

ಅತ್ತೆಗೆ ಭಕ್ತಿ ಉಕ್ಕಿತು. ನಮ್ಮಲ್ಲಿ ಮಿಕ್ಸಿ ಬರಲಿ, ಫ್ರಿಜ್ ಬರಲಿ, ಮೊದಲು ಮೂರು ಬೆರಳ ವಿಭೂತಿ. ಮುಟ್ಟಬೇಡಿ ಎಂದು ನಾನು ಹೇಳುವಷ್ಟರಲ್ಲಿ ಪರದೆಯ ಮೇಲೆ ಮೂರು ಪಟ್ಟೆ ಎಳೆದು, ನಡುವೆ ಕುಂಕುಮದ ಬೊಟ್ಟನ್ನು ಒತ್ತಿಯೇ ಬಿಟ್ಟರು. ಬೊಟ್ಟು ಬಿದ್ದದ್ದು ಮೇಲಧಿಕಾರಿಯ ಹೆಸರಿನ ಮೇಲೆ.

ಕಾರಿನ ಅಷ್ಟೂ ಸ್ಪೀಕರುಗಳಿಂದ ಗಂಭೀರವಾದ ದನಿ ಬಂತು. "ಹೇಳಿ, ಈಗ ಜ್ವರ ಹೇಗಿದೆ?"

ಯಜಮಾನರ ಮುಖ ಸುಣ್ಣವಾಯಿತು. ಕರೆ ಕಡಿಯುವ ಗುಂಡಿ ವಿಭೂತಿಯ ಅಡಿ ಎಲ್ಲಿತ್ತೋ, ನಾನು ಸೆರಗಿನಲ್ಲಿ ಒರೆಸಿದಷ್ಟೂ ಪರದೆಯೆಲ್ಲ ಬಿಳಿಯಾಯಿತು. ನನಗೆ ನಿಜಕ್ಕೂ ಭಯವಾಯಿತು. ಅತ್ತೆ ಮಾತ್ರ ಸ್ಟೀರಿಯೊಗೆ ಕೈಮುಗಿದರು.

"ಜ್ವರ ಯಾರಿಗಪ್ಪಾ? ನನ್ನ ಮಗ ಗುಂಡ್ಕಲ್ಲಿನಂಗವ್ನೆ. ನಿನ್ನ ಹಾಕಿಸ್ಬೇಕು ಅಂತ್ಲೇ ಆಫೀಸಿಗೆ ಸುಳ್ಳು ಹೇಳಿ ಬಂದವ್ನೆ."

ದನಿ ಬಹಳ ವಿನಯದಿಂದ, "ಹಾಗಾದ್ರೆ ಊಟ ಮಾಡಿಸಿ ಮಧ್ಯಾಹ್ನ ಕಳಿಸ್ಕೊಡಿ ಅಮ್ಮಾ" ಎಂದಿತು. ಕರೆ ಮುಗಿಯಿತು.

ಅತ್ತೆ ಮಗನ ಕಡೆ ತಿರುಗಿದರು. "ಇದನ್ನೇ ಆರಿಸಿದ್ದು ಒಳ್ಳೇದಾಯ್ತು ಕಣೋ, ಎಷ್ಟು ಬುದ್ಧಿ ಐತೆ ನೋಡು. ಇನ್ಮೇಲೆ ಇದು ಹೇಳ್ದಂಗೆ ಕೇಳು, ಬೇಗ ಬಡ್ತಿ ಆಯ್ತದೆ."