ಹನುಮಂತಪ್ಪನ ತತ್ತಿ

ಗಜೇಂದ್ರಗಡದ ನೇಕಾರ ಹನುಮಂತಪ್ಪ ಡಯಾಲಿಸಿಸ್‌ಗೆ ಹೋಗತೊಡಗಿದ ಮೇಲೆ ಓಣಿಯವರೆಲ್ಲ ಸೇರಿ ಅವನ ತಾಟು ಬರಿದು ಮಾಡಿದ್ದರು. ಕಿಡ್ನಿ ಕೆಟ್ಟವರು ಬೇಳೆ ತಿನ್ನಬಾರದೆಂದಳು ಎದುರುಮನೆಯ ಚಮನಬಿ. ಕೋಳಿತತ್ತಿಯಂತೂ ವಿಷವೆಂದ ಪಕ್ಕದ ಮನೆಯ ಮಾಳಿಂಗರಾಯ. ಹೆಂಡತಿ ಚೌಡವ್ವ ಎಲ್ಲರ ಮಾತನ್ನೂ ನಂಬಿ ಉಪ್ಪಿಲ್ಲದ ಗಂಜಿಯೊಂದನ್ನೇ ಉಳಿಸಿದಳು. ಹನುಮಂತಪ್ಪನ ಅಂಗಿ ಗೂಟಕ್ಕೆ ಹಾಕಿದಂತೆ ಜೋಲಾಡತೊಡಗಿತು.

ಒಂದು ದಿನ ರೋಣದ ದವಾಖಾನೆಗೆ ಅವನನ್ನು ಕರೆದೊಯ್ದವನು ಮಾಳಿಂಗರಾಯನೇ. ಬಸ್ಸಿನಲ್ಲಿ ಹನುಮಂತಪ್ಪನಿಗೆ ಜೊಂಪು ಹತ್ತಿತು. ಎರೆಹೊಲಗಳ ಮೇಲೆ ಮೋಡಗಳು ಸುಲಿದ ತತ್ತಿಗಳಂತೆ ಮೆಲ್ಲಗೆ ಉರುಳುತ್ತ ಬಂದವು. ಬಸ್ಸಿಳಿದ ಮೇಲೆ ಮಾಳಿಂಗರಾಯ ಎಲೆಅಡಿಕೆಗೆಂದು ಆಚೆ ತಿರುಗಿದ್ದೇ ತಡ, ಇವನು ತಳ್ಳುಗಾಡಿಯೊಂದರ ಮುಂದೆ ನಿಂತು ಆಮ್ಲೇಟ್ ಹೇಳಿದ. ಬಿಸಿ ತುಣುಕು ತುಟಿಗೆ ತಾಗುವಷ್ಟರಲ್ಲಿ ಹಿಂದಿನಿಂದ ಬಂದ ಕೈ ತಾಟನ್ನೇ ಎತ್ತಿತು.

"ಜೀವದ ಮ್ಯಾಲ ಆಸೆ ಇಲ್ಲೇನೋ ನಿನಗ?"

"ಒಂದ ತುತ್ತು, ಮಾಳಿಂಗಣ್ಣ."

"ಚೌಡವ್ವಗ ನಾ ಏನ್ ಹೇಳ್ಲಿ?" ಎಂದವನೇ ತಾಟನ್ನು ಪಕ್ಕದ ಗಿರಾಕಿಗೆ ದಾಟಿಸಿಬಿಟ್ಟ.

ಡಯಾಲಿಸಿಸ್ ಮಂಚದ ಮೇಲೆ ಯಂತ್ರದ ಗುಂಯ್ ಸದ್ದು ಜೋಗುಳದಂತಿತ್ತು. ಕೊಳವೆಯಲ್ಲಿ ರಕ್ತ ಕೆಂಪು ನೂಲಾಗಿ ಹರಿಯುತ್ತ ಹರಿಯುತ್ತ ಸೀರೆಯಾಯಿತು. ಸೆರಗಿನ ತುಂಬ ಆಮ್ಲೇಟಿನ ಹೂಗಳು, ಅಂಚಿನುದ್ದಕ್ಕೂ ಹಸಿಮೆಣಸಿನಕಾಯಿ. ತಡೆಯಲಾರದೆ ಸೆರಗನ್ನೇ ಕಚ್ಚಿದ. "ಇನ್ನೆರಡ ತತ್ತಿ ಒಡೀರಿ, ಖಾರ ಜಾಸ್ತಿ ಇರ್ಲಿ" ಎಂದು ಕನವರಿಸಿದ್ದು ಎಲ್ಲರಿಗೂ ಕೇಳಿಸಿತು. ಬಾಯಲ್ಲಿದ್ದದ್ದು ದವಾಖಾನೆಯ ಚಾದರ.

ಕಣ್ಣು ಬಿಟ್ಟರೆ ಎದುರಿಗೆ ಡಾಕ್ಟರಮ್ಮ. "ಮನ್ಯಾಗ ಏನ್ ಊಟ ಮಾಡ್ತೀರಿ?"

"ಗಂಜಿರಿ."

ಆಕೆ ಮಾಳಿಂಗರಾಯನತ್ತ ತಿರುಗಿದಳು. "ತೂಕ ಇಳಿದಿಲ್ಲಂತ ಸುಮ್ನ ಇದ್ರೇನು? ಅದು ಕಾಲಾಗ ತುಂಬಿದ ನೀರಿನ ತೂಕ. ಒಳಗ ಮಾಂಸ ಕರಗೇತಿ. ಡಯಾಲಿಸಿಸ್ ಮಾಡಿಸ್ಕೊಳ್ಳೋರಿಗೆ ಪ್ರೋಟೀನ್ ಹೆಚ್ಚಿಗಿ ಬೇಕ್ರಿ. ಹಿಂಗ ಉಪವಾಸ ಕೆಡವಿದ್ರ ಇವರು ಉಳಿಯಂಗಿಲ್ಲ. ದಿನಾ ತತ್ತಿ ಕೊಡ್ರಿ."

ಹೇಗೆ ಕೊಡಬೇಕೆಂದೂ ವಿವರಿಸಿದಳು. ಹನುಮಂತಪ್ಪನ ಕಿವಿ ಮಾತ್ರ 'ತತ್ತಿ'ಯಲ್ಲೇ ನಿಂತುಬಿಟ್ಟಿತ್ತು.

ಸಂಜೆ ಮಾಳಿಂಗರಾಯನ ಬಾಯಿಂದ ಡಾಕ್ಟರಮ್ಮನ ಮಾತು ಕೇಳಿ ಚಮನಬಿ ತನ್ನ ಕೋಳಿಯ ತತ್ತಿಗಳನ್ನು ಉಡಿಯಲ್ಲಿ ತಂದಳು. "ನನ್ನ ಕೈಯಾರ ನಿಮ್ಮನ್ನ ಒಣಗಿಸಿದ್ನಲ್ರೀ" ಎಂದು ಚೌಡವ್ವ ಕಣ್ಣೊರೆಸಿಕೊಳ್ಳುತ್ತ ಒಲೆ ಹೊತ್ತಿಸಿದಳು. ತಾಟು ಮುಂದೆ ಬಂತು. ಅದರಲ್ಲಿದ್ದದ್ದು ಬೆಂದ ಬಿಳಿ ಹೋಳುಗಳು, ಅಷ್ಟೆ.

"ಉಪ್ಪು, ಖಾರ?"

"ಉಪ್ಪು ಕೂಡದಂತ್ರಿ. ಖಾರದ ಪುಡಿಯಾಗೂ ಉಪ್ಪು ಹಾಕೇನಿ. ತತ್ತಿಯೊಳಗಿನ ಹಳದಿನೂ ನಿಮಗ ಆಗಂಗಿಲ್ಲಂತ."

"ಹಳದಿ ಎಲ್ಲಿ ಐತಿ?"

ಕಟ್ಟೆಯ ಮೇಲಿಂದ ಚಪ್ಪರಿಸುವ ಸದ್ದು ಕೇಳಿಸಿತು. ಮಾಳಿಂಗರಾಯ ಕೊನೆಯ ಹಳದಿಯನ್ನು ಖಾರದ ಪುಡಿಯಲ್ಲಿ ಹೊರಳಿಸುತ್ತಿದ್ದ.

"ಚೆಲ್ಲಾಕ ಮನಸ್ಸ ಬರ್ಲಿಲ್ಲ ನೋಡು" ಎಂದ. "ನೀ ಏನೂ ಚಿಂತಿ ಮಾಡಬ್ಯಾಡ. ನಾ ದಿನಾ ಬರ್ತೀನಿ."