ಶ್ರದ್ಧಾಂಜಲಿಯ ಟೆಂಪ್ಲೇಟು

ಒಮ್ಮೆ ಬರೆದದ್ದನ್ನೇ ಎರಡನೆಯ ಸಲ ಬರೆಯುವುದೆಂದರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ನನ್ನ ಹೆಂಡತಿ ಇದನ್ನು ಸೋಮಾರಿತನ ಎನ್ನುತ್ತಾಳೆ. ಕಚೇರಿಯಲ್ಲಿ ಇದಕ್ಕೆ ಅನುಭವ ಎಂದು ಹೆಸರು. ನನ್ನ ಲಗ್ನಪತ್ರಿಕೆಯನ್ನೂ ನಾನು ಹೊಸದಾಗಿ ಬರೆಸಲಿಲ್ಲ. ದೊಡ್ಡಪ್ಪನ ಮಗನ ಪತ್ರಿಕೆಯನ್ನೇ ಪ್ರೆಸ್ಸಿಗೆ ಕೊಟ್ಟು ವಧೂವರರ ಹೆಸರು, ತಾರೀಖು ಬದಲಿಸಲು ಹೇಳಿದ್ದೆ. ಕೆಳಗೆ ಅವನ ಸೋದರಮಾವನ ಹೆಸರು ಹಾಗೇ ಉಳಿಯಿತು. ಆ ಪುಣ್ಯಾತ್ಮ ಬಂದು ಮುಂದಿನ ಸಾಲಿನಲ್ಲಿ ಕೂತು, ಉಂಡು, ಹರಸಿ ಹೋದ. ನನ್ನ ಸ್ವಂತ ಸೋದರಮಾವ ಇಂದಿಗೂ ನಮ್ಮ ಹೊಸ್ತಿಲು ತುಳಿದಿಲ್ಲ. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ.

ಕೊಪ್ಪಳದ ಜಿಲ್ಲಾ ಕಚೇರಿಯೊಂದರಲ್ಲಿ ಗುಮಾಸ್ತನಾದ ನನ್ನ ತಲೆಗೆ ಇಲಾಖೆಯ ವೆಬ್ ಪೋರ್ಟಲ್ಲಿನ ಕೆಲಸ ಕಟ್ಟಿದರು. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಬರುತ್ತಿದ್ದವನು ನಾನೊಬ್ಬನೇ. ತರಬೇತಿಗೆ ಬಂದವರ ಒಂದು ಮಾತು ನನಗೆ ಬಹಳ ಹಿಡಿಸಿತು. "ಒಂದು ಸೈಟ್ ಛಂದಗೆ ಮಾಡ್ರಿ. ಅದನ್ನ ಟೆಂಪ್ಲೇಟ್ ಅಂತ ಇಟ್ಕೊಳ್ರಿ. ಮುಂದಿನ ಸೈಟೆಲ್ಲಾ ಅದರಿಂದನ ಹುಟ್ತಾವ. ಆಯಾ ಕಚೇರಿ ಹೆಸರು, ಸಾಹೇಬ್ರ ಫೋಟೋ ತಾವ ಬಂದು ಕುಂದರ್ತಾವ." ಇಂಥದ್ದೊಂದು ಇದೆಯೆಂದು ಮೊದಲೇ ಗೊತ್ತಿದ್ದರೆ ನೌಕರಿಯ ಅರ್ಧ ಆಯುಷ್ಯ ಉಳಿಯುತ್ತಿತ್ತಲ್ಲ ಅನಿಸಿತು.

ಕೊಪ್ಪಳದ ಸೈಟು ಮುಗಿಯುವ ಹೊತ್ತಿಗೆ ನಮ್ಮ ಸಾಹೇಬರು ತೀರಿಕೊಂಡರು. ಬೆಳಗ್ಗೆ ಕಡತಗಳಿಗೆ ರುಜು ಹಾಕಿದವರು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮೊದಲೇ ಕುರ್ಚಿಯಲ್ಲಿ ಕುಸಿದರು. ಸೈಟಿನಲ್ಲಿ ಏನಾದರೂ ಹಾಕು ಎಂದು ಎಲ್ಲರೂ ನನ್ನ ಮುಖ ನೋಡಿದರು. ಮುಖಪುಟದಲ್ಲಿ 'ನಮ್ಮ ಮುಖ್ಯಸ್ಥರು' ಎಂಬ ಚೌಕವಿತ್ತು. ಆ ತಲೆಬರಹ ಅಳಿಸಿ 'ಭಾವಪೂರ್ಣ ಶ್ರದ್ಧಾಂಜಲಿ' ಎಂದು ಬರೆದೆ. ಫೋಟೋದ ಸುತ್ತ ಚೆಂಡುಹೂವಿನ ಹಾರ ಹಾಕಿದೆ. ಕೆಳಗೆ, 'ಸಿಟ್ಟು ಅರಿಯದವರು, ಯಾರನ್ನೂ ಬಾಗಿಲಲ್ಲಿ ಕಾಯಿಸದವರು ಆಗಿದ್ದರು' ಎಂದು ಬರೆದೆ. ಬರೆಯುವಾಗ ನಿಜವಾಗಿಯೂ ಕಣ್ಣು ತುಂಬಿತ್ತು.

ವಾರ ಕಳೆಯುವಷ್ಟರಲ್ಲಿ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಚೇರಿಗಳಿಗೂ ಸೈಟು ಮಾಡಬೇಕೆಂದು ಮೇಲಿನಿಂದ ಆದೇಶ ಬಂತು. ಕೊಪ್ಪಳದ ಸೈಟನ್ನೇ ಟೆಂಪ್ಲೇಟು ಮಾಡಿ ಇಟ್ಟೆ, ಮೂರು ಸಲ ಗುಂಡಿ ಒತ್ತಿದೆ, ಚಹಾಕ್ಕೆ ಹೋದೆ. ಮೂರೂ ಕಚೇರಿಗಳ ಮುಖ್ಯಸ್ಥರ ಹೆಸರು, ಫೋಟೋಗಳು ತಾವಾಗಿಯೇ ಬಂದು ಆ ಹಾರದೊಳಗೆ ಕೂತವು. ಮೂವರೂ ಗಟ್ಟಿಮುಟ್ಟಾಗಿ ಬದುಕಿದ್ದವರು.

ಮರುದಿನ ಬೆಳಗ್ಗೆ ಗಂಗಾವತಿಯ ಸಾಹೇಬರ ಫೋನು. ಮರಳಿ ಎಂಬ ಹಳ್ಳಿಯಿಂದ ಅವರ ಅತ್ತೆಮನೆಯವರು ಜೀಪು ಮಾಡಿಕೊಂಡು ಅಳುತ್ತ ಬಂದಿಳಿದಿದ್ದರಂತೆ. "ನಾ ಸ್ನಾನ ಮಾಡಿ ಟಾವೆಲ್ ಸುತಿಗೊಂಡು ಹೊರಗ ಬಂದ್ರ, ನಮ್ಮತ್ತಿ ನನ್ನ ನೋಡಿ ಎಚ್ಚರ ತಪ್ಪಿ ಬಿದ್ದಾಳ! ಆಕಿಗೇನರ ಆಗಿದ್ರ ಇನ್ನೊಂದು ಹಾರ ನೀನ ಹಾಕ್ತಿದ್ದೇನಪಾ?" ಕುಷ್ಟಗಿಯ ಮೇಡಂ ಒಳ್ಳೆಯವರು. "ಫೋಟೋ ಛಲೋ ಬಂದೈತ್ರಿ, ಹಾರ ಅಷ್ಟ ತಗೀರಿ" ಎಂದರು. ಎರಡನ್ನೂ ತಿದ್ದಿದೆ. ಆಮೇಲೆ ಟೆಂಪ್ಲೇಟನ್ನೂ ತಿದ್ದಿ, ಮೂಲವೇ ಸರಿಯಾದ ಮೇಲೆ ಯಲಬುರ್ಗಾದ್ದು ತಾನಾಗಿ ಸರಿಹೋಗುತ್ತದೆ ಎಂದುಕೊಂಡು ಸುಮ್ಮನಾದೆ. ಅದು ಹಾಗೆ ಸರಿಹೋಗುವುದಿಲ್ಲ. ಒಮ್ಮೆ ಹುಟ್ಟಿದ ಸೈಟಿಗೆ ಟೆಂಪ್ಲೇಟಿನ ಹಂಗಿರುವುದಿಲ್ಲ. ಆದರೆ ಯಲಬುರ್ಗಾದಿಂದ ಯಾವ ಫೋನೂ ಬರಲಿಲ್ಲವಾದ್ದರಿಂದ ನಾನು ತೆರೆದು ನೋಡಲೇ ಇಲ್ಲ.

ಫೋನಿನ ಬದಲು ವಿರೂಪಣ್ಣನವರೇ ಬಸ್ಸು ಹತ್ತಿ ಬಂದರು. ಯಲಬುರ್ಗಾ ಕಚೇರಿಯ ಮುಖ್ಯಸ್ಥರು, ನಿವೃತ್ತಿಗೆ ಎರಡು ತಿಂಗಳಿತ್ತು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿಲ್ಲ, ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಕೈಯಲ್ಲೊಂದು ಹಾಳೆಯಿತ್ತು. ಸೈಟಿನ ಮುಖಪುಟವನ್ನು ಮುದ್ರಿಸಿ ತಂದಿದ್ದರು.

"ಇವತ್ತಿಗೆ ಹನ್ನೊಂದು ದಿನ ಆತ್ರಿ," ಎಂದರು. "ದಿನಕರ್ಮದ ಊಟ ಎಲ್ಲಿಟ್ಟೀರಿ?"

ನಾನು ಎದ್ದು ನಿಂತು ಕೈ ಮುಗಿದೆ. "ತಪ್ಪಾತ್ರಿ ಸರ. ಈಗಿಂದೀಗ ತಗೀತೀನಿ. ಮೊದಲ ದಿನಾನ ನನಗೊಂದು ಫೋನ್ ಮಾಡಬಾರದಾಗಿತ್ತೇನ್ರಿ?"

"ನನಗ ಯಾರರ ಮಾಡ್ತಾರೇನೋ ಅಂತ ನೋಡ್ಕೋತ ಇದ್ನಿ," ಎಂದರು ವಿರೂಪಣ್ಣ. ಹಾಳೆಯನ್ನು ಮೇಜಿನ ಮೇಲಿಟ್ಟು, "ಗಂಗಾವತಿಯವರಿಗೆ ಭಾಳ ಫೋನ್ ಬಂದಿದ್ವಂತಲ್ಲ?" ಎಂದು ಕೇಳಿದರು.

ಅಲ್ಲಿ ದಿನವಿಡೀ ಫೋನು ಬಡಿದುಕೊಂಡದ್ದು ನನಗೆ ಗೊತ್ತಿತ್ತು. "ಎರಡೋ ಮೂರೋ ಇರಬೇಕ್ರಿ," ಎಂದೆ.

ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರ ತೆಗೆದೆ, ತಲೆಬರಹ ಬದಲಿಸಿದೆ. ಕೆಳಗಿನ ಸಾಲು ಅಳಿಸಲು ಹೊರಟಾಗ ಅವರು ನನ್ನ ಕೈ ತಡೆದರು. "ಅದನ್ನ ನೀವ ಬರದಿದ್ದೇನ್ರಿ?"

"ಹೌದ್ರಿ."

"ನನ್ನ ಸಲುವಾಗಿ?"

ತೀರಿಹೋದ ಸಾಹೇಬರು ಕಣ್ಣ ಮುಂದೆ ಬಂದರು. ಅವರಿಗೆಂದು ಅತ್ತು ಬರೆದ ಸಾಲು ಅದು. "ಹೌದ್ರಿ ಸರ," ಎಂದೆ, "ನಿಮ್ಮ ಸಲುವಾಗೇ."

"ಹಂಗಾರ ಇರಲಿ ಬಿಡ್ರಿ. ನಾ ರಿಟೈರ್ ಆಗೂತನಕ ಇರಲಿ."

'ಆಗಿದ್ದರು' ಅಳಿಸಿ 'ಆಗಿದ್ದಾರೆ' ಎಂದು ಹಾಕಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಚಹಾ ತರಿಸಿದರೆ ಬೇಡವೆಂದು, ಬಸ್ಸಿನ ಹೊತ್ತಾಯಿತೆಂದು ಎದ್ದರು. ಮುದ್ರಿಸಿ ತಂದಿದ್ದ ಹಾಳೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡು ಹೋದರು.

ನಿವೃತ್ತಿಯ ದಿನ ಅವರೇ ಫೋನು ಮಾಡಿದರು. "ಅಳವಂಡಿಯೊಳಗ ನಮ್ಮ ತಂಗಿ ಮನ್ಯಾಗ ಇರ್ತೀನ್ರಿ. ನನ್ನ ಮೊಬೈಲ್ ನಂಬರ್ ಬರಕೊಳ್ರಿ. ಆವಾಗಾವಾಗ ಮಾತಾಡಸ್ರಿ."

"ಮಾತಾಡಸದ ಇರ್ತೀನೇನ್ರಿ ಸರ?" ಎಂದು ಬರೆದುಕೊಂಡೆ.

ಆ ಯಲಬುರ್ಗಾ ಕಚೇರಿಯವರ ಮೇಲಿನ ನನ್ನ ಸಿಟ್ಟು ಮಾತ್ರ ಆರಿಲ್ಲ. ಹನ್ನೊಂದು ದಿನ, ಒಬ್ಬರಾದರೂ ಆ ಮನುಷ್ಯನನ್ನು ವಿಚಾರಿಸಬಾರದಿತ್ತೇ ಎಂದು ಮನೆಯಲ್ಲಿ ಎಷ್ಟು ಸಲ ಹಾರಾಡಿದ್ದೇನೋ. ಮೊನ್ನೆಯೂ ಶುರುಮಾಡಿದೆ. ಹೆಂಡತಿ ಮೆಂತ್ಯ ಸೊಪ್ಪು ಬಿಡಿಸುತ್ತ ತಲೆ ಎತ್ತದೆ ಕೇಳಿದಳು, "ನೀವು ಅವರಿಗೆ ಫೋನ್ ಮಾಡಿ ಎಷ್ಟು ದಿನ ಆತ್ರಿ?"

ಒಮ್ಮೆಯೂ ಮಾಡಿಲ್ಲ. ಎರಡು ವರ್ಷವಾಯಿತು. ಇವತ್ತು ಮಾಡಿಬಿಡೋಣ ಎಂದು ಮೊಬೈಲಿನಲ್ಲಿ ಅವರ ಹೆಸರು ಹುಡುಕಿ ತೆಗೆಯುತ್ತೇನೆ. ಆ ಕಡೆ ಫೋನು ಬೇರೆ ಯಾರಾದರೂ ಎತ್ತಿಬಿಟ್ಟರೆ ಎಂದು ಹೆದರಿ ಮತ್ತೆ ಜೇಬಿಗೆ ಇಟ್ಟುಕೊಳ್ಳುತ್ತೇನೆ.